ದೊಡ್ಡ ಚಕ್ರಗಳ ತಿಂಗಳು

ಆ ತಿಂಗಳು ನನ್ನ ದಾರಿ ಎರಡು ಕಿಲೋಮೀಟರ್ ಕಮ್ಮಿಯಾಯಿತು.

ಮನೆಮನೆಗೆ ಹೋಗಿ ಗಾಯಗಳಿಗೆ ಬ್ಯಾಂಡೇಜು ಬದಲಿಸುವ ನರ್ಸು ನಾನು. ಬೆಳಿಗ್ಗೆ ಆರೋಗ್ಯ ಕೇಂದ್ರದ ಗೇಟು ದಾಟುವಾಗ ಕಾರಿನ ಮೀಟರಿನಲ್ಲಿರುವ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು, ಸಂಜೆ ಮರಳಿದ ಮೇಲೆ ಮತ್ತೆ ಬರೆಯಬೇಕು. ಒಂದರಿಂದ ಇನ್ನೊಂದನ್ನು ಕಳೆದು ನೋಡುವ ಕೆಲಸ ಶನಿವಾರದ್ದು. ಎಂಟು ತಿಂಗಳಿಂದ ನನ್ನ ಹನ್ನೊಂದು ಮನೆಗಳ ಸುತ್ತು ಮೂವತ್ತೊಂದು ಕಿಲೋಮೀಟರು. ಆ ಶನಿವಾರ ನೋಡಿದರೆ ಆರು ದಿನವೂ ಇಪ್ಪತ್ತೊಂಬತ್ತು.

ರಸ್ತೆ ಕುಗ್ಗುವುದಿಲ್ಲ. ಹಾಗಾದರೆ ನಾನೇ ಯಾವುದೋ ಮನೆಯನ್ನು ಬಿಟ್ಟಿದ್ದೇನೆ ಎಂದು ಅಂದುಕೊಂಡೆ. ದಿನವೂ ಒಂದು ಮನೆಯನ್ನು ಬಿಟ್ಟು, ಬಿಟ್ಟದ್ದು ನೆನಪೂ ಇಲ್ಲದೆ ಮನೆಗೆ ಬಂದು ಊಟ ಮಾಡಿ ಮಲಗಿದ್ದೇನೆ.

ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಅಮ್ಮನಿಗೂ ಹೀಗೇ ಶುರುವಾಗಿತ್ತು, ಹೆಚ್ಚುಕಮ್ಮಿ ನನ್ನ ಈಗಿನ ವಯಸ್ಸಿನಲ್ಲೇ. ಮೊದಲು ಸಾರಿಗೆ ಎರಡು ಸಲ ಉಪ್ಪು, ಆಮೇಲೆ ಬೀಗ ಹಾಕದ ಬಾಗಿಲು, ಕೊನೆಗೆ ನನ್ನ ಹೆಸರು. ಐವತ್ತು ದಾಟಿದ ಮೇಲೆ ನಾನು ಕನ್ನಡಿಯಲ್ಲಿ ಹುಡುಕುತ್ತಿದ್ದದ್ದು ನರೆಗೂದಲನ್ನಲ್ಲ, ಅಮ್ಮನ ಆ ಖಾಲಿ ನೋಟವನ್ನು.

ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೆನೆಸಿಕೊಂಡೆ. ಹನ್ನೊಂದೂ ನೆನಪಾದವು. ಆದರೆ ನೆನಪನ್ನೇ ನಂಬಲಾಗದವಳು ನೆನಪನ್ನು ಸಾಕ್ಷಿಗೆ ಕರೆಯುವುದು ಹೇಗೆ? ಕೊನೆಗೆ ನಾಚಿಕೆ ಬಿಟ್ಟು ಗಡಿಯಾರದಜ್ಜನಿಗೆ ಫೋನು ಮಾಡಿದೆ. ಗುಡ್ಡದ ಏರುರಸ್ತೆಯಲ್ಲಿ ನಾನು ಹೋಗುವ ಅತಿ ಎತ್ತರದ ಮನೆ ಅವರದು; ಜೀವನವೆಲ್ಲ ಗಡಿಯಾರ ರಿಪೇರಿ ಮಾಡಿದವರು, ಈಗ ಮಾಯದ ಹುಣ್ಣಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿರುತ್ತಾರೆ. ನಾನು ಇವತ್ತು ನಿಮ್ಮಲ್ಲಿಗೆ ಬಂದಿದ್ದೆನಾ ಎಂದು ಕೇಳಿದೆ.

"ಬ್ಯಾಂಡೇಜು ಕಾಲಲ್ಲೇ ಇದೆ ತಾಯಿ. ಗಂಟು ನಿಂದೇ, ಬೇರೆ ಯಾರೂ ಇಷ್ಟು ಬಿಗಿಯಾಗಿ ಕಟ್ಟಲ್ಲ," ಎಂದರು.

ನಗು ಬಂತು. ಭಯ ಮಾತ್ರ ಹೋಗಲಿಲ್ಲ. ಏಕೆಂದರೆ ನನ್ನ ಕೈಕಾಲೂ ಆ ದಿನಗಳಲ್ಲಿ ನನ್ನ ಮಾತು ಕೇಳುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಓಡಿಸುವ ನನ್ನ ಪುಟ್ಟ ಕಾರು ಅಜ್ಜನ ಏರಿನಲ್ಲಿ ಎರಡು ಸಲ ನಿಂತುಹೋಗಿತ್ತು, ಹಿಂದಿದ್ದವರು ಹಾರ್ನು ಬಾರಿಸಿ ನನ್ನ ಮಾನ ಕಳೆದಿದ್ದರು. ಸ್ಟೀರಿಂಗು ತಿರುಗಿಸಿದರೆ ಭುಜ ನೋಯುತ್ತಿತ್ತು. ಬ್ರೇಕು ಒತ್ತಿದರೆ ನಾನು ಅಂದುಕೊಂಡಿದ್ದಕ್ಕಿಂತ ಒಂದು ಮಾರು ಮುಂದೆ ಹೋಗಿ ನಿಲ್ಲುತ್ತಿತ್ತು. ರೋಗಿಗಳ ಮನೆಗೆ ತಡವಾಗಿ ಹೋಗುತ್ತಿದ್ದೆ. ದೂರುಗಳು ನಮ್ಮ ಆರೋಗ್ಯ ಕೇಂದ್ರ ನೋಡಿಕೊಳ್ಳುವ ಮೇಡಂ ಕಿವಿಗೂ ಬಿದ್ದವು. ಅವರು ಕೆಟ್ಟವರಲ್ಲ. ಮುಂದಿನ ಗುರುವಾರ ತಾವೇ ಪಕ್ಕದಲ್ಲಿ ಕೂತು ಬರುವುದಾಗಿಯೂ, ಸರಿ ಕಾಣದಿದ್ದರೆ ಗುಡ್ಡದ ಸುತ್ತನ್ನು ಬೇರೆಯವರಿಗೆ ಕೊಟ್ಟು ನನ್ನನ್ನು ಔಷಧಿ ಕೋಣೆಯಲ್ಲಿ ಕೂರಿಸುವುದಾಗಿಯೂ ಮೆಲ್ಲಗೆ ಹೇಳಿದರು. ಆರಾಮ ಸಿಗುತ್ತದೆ ಎಂದೂ ಸೇರಿಸಿದರು. ನಾಲ್ಕು ಗೋಡೆ, ಮಾತ್ರೆಯ ಡಬ್ಬಿಗಳು, ನಿವೃತ್ತಿಯವರೆಗೆ ಆರಾಮ. ಒಬ್ಬಳೇ ಇರುವ ನನಗೆ ದಿನಕ್ಕೆ ಹನ್ನೊಂದು ಬಾಗಿಲು ತೆರೆದುಕೊಳ್ಳುವುದು ಎಂದರೆ ಏನೆಂದು ಅವರಿಗೆ ಹೇಗೆ ಹೇಳಲಿ?

ಸೋಮವಾರ ಗಡಿಯಾರದಜ್ಜ ಕಾಲು ಚಾಚುವ ಮೊದಲೇ ಫೋನಿನ ವಿಷಯ ತೆಗೆದರು. ಮಾತು ಮರೆಸಲು ನೋಡಿದೆ, ಆಗಲಿಲ್ಲ. ಕುಗ್ಗಿದ ದಾರಿ, ಏರಿನಲ್ಲಿ ನಿಂತ ಕಾರು, ಅಮ್ಮ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ, ಕಿಟಕಿಯಿಂದ ಕೆಳಗೆ ನಿಂತಿದ್ದ ಕಾರು ನೋಡಿದರು. ಅದಕ್ಕೆ ಇತ್ತೀಚೆಗೆ ಏನು ಮಾಡಿಸಿದೆ ಎಂದು ಕೇಳಿದರು.

ಏನೂ ಇಲ್ಲ, ನನ್ನ ತಮ್ಮ ಹೋದ ಭಾನುವಾರದ ಹಿಂದಿನ ಭಾನುವಾರ ಚಕ್ರ ಬದಲಿಸಿಕೊಟ್ಟ, ಅಷ್ಟೇ ಎಂದೆ. ಯಾರೋ ಗೆಳೆಯನಿಂದ ತಂದ ದೊಡ್ಡ, ಹೊಳೆಯುವ ಅಲಾಯ್ ಚಕ್ರಗಳು. ನಿನ್ನ ಕಾರು ಹವಾಯಿ ಚಪ್ಪಲಿ ಹಾಕ್ಕೊಂಡು ಓಡಾಡ್ತಿತ್ತು, ಈಗ ಬೂಟು ಹಾಕಿದ್ದೀನಿ ನೋಡಕ್ಕ ಎಂದಿದ್ದ. ಅವನ ಖುಷಿ ಕಂಡು ನನಗೂ ಖುಷಿಯಾಗಿತ್ತು. ಚಪ್ಪಲಿ ಬದಲಿಸಿದರೆ ರಸ್ತೆಯ ಉದ್ದ ಬದಲಾಗುತ್ತದೆಂದು ಯಾರಿಗೆ ಹೊಳೆಯುತ್ತದೆ?

ಅಜ್ಜನಿಗೆ ಹೊಳೆಯಿತು. ನನ್ನ ಚೀಲದಿಂದ ಹೊಸ ಬ್ಯಾಂಡೇಜಿನ ಸುರುಳಿ ತೆಗೆಯಲು ಹೇಳಿದರು. ಡಿಕ್ಕಿಯಲ್ಲಿರುವ ಸ್ಟೆಪ್ನಿ ಹಳೆಯ ಅಳತೆಯದೇ ತಾನೆ ಎಂದು ಕೇಳಿ, ಅದರ ಸುತ್ತ ಒಂದು ಸಲ, ಹೊಸ ಚಕ್ರದ ಸುತ್ತ ಒಂದು ಸಲ ಬ್ಯಾಂಡೇಜು ಹಿಡಿದು ಬಾ ಎಂದು ಕಳಿಸಿದರು. ಕಾರಿನಡಿ ತೂರಿಸಿ ಹಿಡಿಯುವಷ್ಟರಲ್ಲಿ ಬಿಳಿ ಸೀರೆಯ ಅಂಚೆಲ್ಲ ಮಣ್ಣಾಯಿತು. ಅಳತೆಗೆ ಕತ್ತರಿಸಿದ ಎರಡು ತುಂಡುಗಳನ್ನೂ ಅವರ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ. ಹೊಸದು ಹದಿಮೂರು ಸೆಂಟಿಮೀಟರ್ ಉದ್ದ ಇತ್ತು.

"ಚಕ್ರ ಒಂದು ಸುತ್ತು ತಿರುಗಿದಾಗೆಲ್ಲ ಕಾರು ಇಷ್ಟು ಜಾಸ್ತಿ ಹೋಗತ್ತೆ. ಮೀಟರಿಗೆ ಅದು ಗೊತ್ತಿಲ್ಲ, ಅದು ಸುತ್ತು ಮಾತ್ರ ಎಣಿಸತ್ತೆ. ತಪ್ಪು ಲೆಕ್ಕ ಹಾಕಿದ್ದು ಕಾರು ಕಣಮ್ಮ, ನೀನಲ್ಲ."

ನಾನು ಬ್ಯಾಂಡೇಜಿನ ಆ ಉಳಿದ ತುದಿಯನ್ನೇ ನೋಡುತ್ತ ನಿಂತೆ. ಕಣ್ಣು ತುಂಬಿ ಬಂತು. ಅಜ್ಜ ನೋಡಿಯೂ ನೋಡದವರಂತೆ ಮಾತು ಮುಂದುವರಿಸಿದರು. ಅವರ ಕಸುಬಿನಲ್ಲಿ ಇದು ಎಳೆಯರ ಪಾಠವಂತೆ. ಗಡಿಯಾರದೊಳಗೆ ಅತ್ತಿತ್ತ ಆಡುವ ಪುಟ್ಟ ಚಕ್ರದ ಅಂಚಿಗೆ ಸಾಸಿವೆಗಿಂತ ಸಣ್ಣ ಭಾರ ಸೇರಿಸಿದರೂ ಸಾಕು, ಗಡಿಯಾರ ಹಿಂದೆ ಬೀಳುತ್ತದೆ. ಅದೇ ಭಾರ ನಡುವೆ ಇದ್ದರೆ ಅಷ್ಟು ತೊಂದರೆಯಿಲ್ಲ. ಅಂಚಿನಲ್ಲಿರುವ ಭಾರವನ್ನು ತಿರುಗಿಸಲೂ ಹೆಣಗಬೇಕು, ನಿಲ್ಲಿಸಲೂ ಹೆಣಗಬೇಕು. ಮತ್ತೆ ಎತ್ತರದ ಮೆಟ್ಟಿಲು ಇದ್ದ ಹಾಗೆ ದೊಡ್ಡ ಚಕ್ರ: ಕಮ್ಮಿ ಹೆಜ್ಜೆಯಲ್ಲಿ ಮೇಲೆ ಹೋಗಬಹುದು, ಆದರೆ ಒಂದೊಂದು ಹೆಜ್ಜೆಗೂ ಮಂಡಿ ಕೂಗುತ್ತದೆ. ನನ್ನ ಕಾರಿನ ಮಂಡಿ ಏರಿನಲ್ಲಿ ಕೂಗುತ್ತಿತ್ತು. ನಾನು ಅದು ನನ್ನ ಮಂಡಿ ಎಂದುಕೊಂಡಿದ್ದೆ.

ತಮ್ಮನಿಗೆ ಹೇಳುವುದು ಸುಲಭವಿರಲಿಲ್ಲ. ಪ್ರೀತಿಯಿಂದ ಕೊಟ್ಟದ್ದು ಭಾರವಾಯಿತು ಎನ್ನುವ ಮಾತು ಹೆಂಗಸರ ಗಂಟಲಲ್ಲೇ ಎಷ್ಟು ಸಲ ಉಳಿದುಬಿಡುತ್ತದೆ. ಇನ್ನೊಂದು ಸಲವಾದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಗುರುವಾರ ಹತ್ತಿರವಿತ್ತು.

ಅವನು ಮೊದಲು ಒಪ್ಪಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದ. ವಯಸ್ಸಾಯಿತು, ಒಪ್ಪಿಕೋ ಎಂದೂ ಅಂದ. ನಾನು ಕೀಲಿ ಅವನ ಕೈಗಿಟ್ಟು ಅಜ್ಜನ ಏರಿಗೆ ನಡಿ ಎಂದೆ. ಶಿಳ್ಳೆ ಹಾಕುತ್ತಲೇ ಹೊರಟ. ಏರಿನ ನಡುವೆ ಎದುರಿಗೆ ಹಾಲಿನ ವ್ಯಾನು ಬಂತು, ಬ್ರೇಕು ಒತ್ತಿದ. ಮತ್ತೆ ಹೊರಡಿಸಲು ಹೋದರೆ ಕಾರು ನಡುಗಿ ನಿಂತಿತು. ಎರಡನೇ ಸಲ ಒಂದು ಗೇಣು ಹಿಂದಕ್ಕೆ ಜಾರಿತು. ಮೂರನೇ ಸಲಕ್ಕೆ ಕ್ಲಚ್ಚು ಸುಟ್ಟ ವಾಸನೆ ಬಂತು. ಶಿಳ್ಳೆ ನಿಂತಿತ್ತು. ಕಿಟಕಿ ಪಕ್ಕ ಬಂದ ಹಾಲಿನವನು, ಡ್ರೈವಿಂಗ್ ಕಲಿಯೋಕೆ ಈ ಏರು ಬೇಡ ಸ್ವಾಮಿ, ಮೈದಾನಕ್ಕೆ ಹೋಗಿ ಎಂದ. ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ.

ತಮ್ಮ ಹ್ಯಾಂಡ್‌ಬ್ರೇಕು ಎಳೆದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ: "ನೀನು ಏರಲ್ಲಿ ನಿಲ್ಲಿಸ್ತೀಯ ಅಂತ ಕೇಳಿದಾಗ ನಂಗೆ ಅಮ್ಮ ನೆನಪಾದಳು ಅಕ್ಕ. ಅದಕ್ಕೇ ವಯಸ್ಸು ಗಿಯಸ್ಸು ಅಂತ ತಮಾಷೆ ಮಾಡ್ತಿದ್ದೆ. ಬೇರೆ ಏನು ಹೇಳಲಿ, ಗೊತ್ತಾಗಲಿಲ್ಲ."

ಹಾಗಾದರೆ ಆ ಭಯವನ್ನು ನಾನೊಬ್ಬಳೇ ಹೊತ್ತಿರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟೆ. ಸದ್ಯಕ್ಕೆ ಇಬ್ಬರೂ ನೆಟ್ಟಗಿದ್ದೇವೆ, ನಾಳೆಯದು ನಾಳೆಗೆ ಎಂದೆ.

ಹಳೆಯ ಚಕ್ರಗಳು ಅವನ ಶೆಡ್ಡಿನಲ್ಲಿ ಧೂಳು ಹಿಡಿದು ಬಿದ್ದಿದ್ದವು. ಮಾರನೆಯ ದಿನ ಟೈರ್ ಅಂಗಡಿಯಲ್ಲಿ, ನಾನು ರೋಗಿಗಳನ್ನು ತೂಗುವ ಯಂತ್ರದ ಮೇಲೆ ಒಂದೊಂದನ್ನೂ ನಿಲ್ಲಿಸಿ ನೋಡಿದೆ. ಹಳೆಯದು ಹನ್ನೆರಡು ಕಿಲೋ, ಹೊಸದು ಹತ್ತೊಂಬತ್ತು. ಅಲಾಯ್ ಅಂದರೆ ಹಗುರ ಅಂತ ಅಲ್ಲವೇ ಎಂದು ತಮ್ಮ ಗೊಣಗಿದ. ಅಳತೆ ಅಷ್ಟು ದೊಡ್ಡದಾಗಿ ಟೈರೂ ಅಷ್ಟು ಅಗಲವಾದರೆ ಹಗುರ ಎಲ್ಲಿ ಉಳಿಯುತ್ತದೆ ಎಂದ ಅಂಗಡಿಯವನು. ಸರಿಯಾದ ಅಳತೆಯ ಹಗುರ ಚಕ್ರ ಹಾಕಿದ್ದರೆ ನಾನೇ ತಮ್ಮನಿಗೆ ಥ್ಯಾಂಕ್ಸ್ ಹೇಳುತ್ತಿದ್ದೆನಂತೆ. ಕೊನೆಯ ನಟ್ಟನ್ನು ತಮ್ಮನೇ ಬಿಗಿ ಮಾಡಿದ.

ಗುರುವಾರ ಮೇಡಂ ಪಕ್ಕದಲ್ಲಿ ಕೂತು ಸೀಟ್ ಬೆಲ್ಟು ಎರಡು ಸಲ ಎಳೆದು ನೋಡಿಕೊಂಡರು. ಏರಿನ ಬುಡದಲ್ಲಿ ಅವರ ಕೈ ಬಾಗಿಲ ಹಿಡಿಕೆಗೆ ಹೋಯಿತು. ನಡುವೆ ಬೇಕೆಂದೇ ಕಾರು ನಿಲ್ಲಿಸಿದೆ. ಕ್ಲಚ್ಚನ್ನು ಮೆಲ್ಲಗೆ ಎತ್ತುತ್ತ ಹ್ಯಾಂಡ್‌ಬ್ರೇಕು ಬಿಟ್ಟೆ. ಕಾರು ಕೂದಲೆಳೆಯಷ್ಟೂ ಹಿಂದೆ ಸರಿಯದೆ, ಮಂಚದಿಂದ ಏಳುವ ಮಗುವಿನ ಹಾಗೆ, ಮೇಲಕ್ಕೆ ಹೊರಟಿತು. ಏನು ತೊಂದರೆಯಾಗಿತ್ತೆಂದು ಆಗ ಹೇಳಿದೆ. ಅವರು ಪೂರ್ತಿ ಕೇಳಿ, ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದರು. ಮೊದಲು ನನಗೇ ಗೊತ್ತಿರಲಿಲ್ಲ ಎಂದೆ.

ಅಜ್ಜನ ಮನೆಯ ಮುಂದೆ ಇಳಿದ ಮೇಡಂ ಒಳಗೆ ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ರಸ್ತೆ ಇನ್ನೂ ಕಡಿದಾಗುತ್ತ ಹೋಗುವ ಕಡೆ ನೋಡಿದರು.

"ಅಲ್ಲಿ ಮೇಲೆ ಎರಡು ಮನೆ ಇವೆ. ದಾರಿ ಸರಿಯಿಲ್ಲ ಅಂತ ಯಾರೂ ಹೋಗ್ತಿಲ್ಲ," ಎಂದರು.

ಯಾರಿಗೆ, ಏನು ಗಾಯ ಎಂದು ಕೇಳಿದೆ. ಅವರು ಹೇಳತೊಡಗಿದರು. ನಾನು ಪೆನ್ನು ತೆಗೆದೆ.