ಯಾರ ಆಟೊದಾಗ?

ದ್ರೌಪತಿ ಮುದುಕಿ ಒಲೆಯ ಮುಂದೆ ಕೂತಲ್ಲಿಂದಲೇ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ ಒಂದು ಮಾತು ಅಂದಳು: “ನಿಂತದ.”

ಈ ಮಾತಿಗೆ ಬಸವಕಲ್ಯಾಣದ ಕಡೆ ಎರಡು ಅರ್ಥ. ಹೊಸದಾಗಿ ಮದುವೆಯಾದ ಹುಡುಗಿಗೆ ತಿಂಗಳು ತಪ್ಪಿದರೆ ಹೊಟ್ಟೆಯಲ್ಲಿ ಕೂಸು ನಿಂತಿದೆ ಎಂದು ಸಕ್ಕರೆ ಹಂಚುತ್ತಾರೆ. ನಲವತ್ತು ದಾಟಿದವಳಿಗೆ ತಪ್ಪಿದರೆ ಮುಟ್ಟೇ ನಿಂತಿತು ಎಂದು ಸುಮ್ಮನಾಗುತ್ತಾರೆ. ತಿಂಗಳು ತಪ್ಪಿದ್ದ ಸೊಸೆ ಸುಜಾತಾಳಿಗೆ ನಲವತ್ತಮೂರು. ಮಾತು ಎತ್ತ ಬೇಕಾದರೂ ವಾಲಬಹುದಿತ್ತು. ಆದರೆ ಮುದುಕಿ ಡಬ್ಬಿಗೆ ಕೈಹಾಕಿ ಒಂದು ಚಿಟಿಕೆ ಸಕ್ಕರೆ ಅವಳ ಬಾಯಿಗೆ ಹಾಕಿದ್ದರಿಂದ ಯಾವ ಅರ್ಥವೆಂದು ಕೇಳುವ ಅಗತ್ಯ ಬೀಳಲಿಲ್ಲ.

ಗಂಡ ನರಸಿಂಗ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡದೆ, ತಾಟನ್ನೇ ನೋಡುತ್ತ ಕೇಳಿದ.

“ಹೋದ ತಿಂಗಳ ಬಸವಕಲ್ಯಾಣಕ್ಕ ಭಾಳ ಸರ್ತಿ ಹೋಗಿದ್ದೆಲ್ಲ. ಯಾರ ಆಟೊದಾಗ ಹೋಗಿದ್ದಿ?”

“ಯಾರದಿರ್ತದ್ರಿ? ಸರ್ಫರಾಜಂದು. ಹೆರಿಗಿಗಂತ ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿದ್ದೆ.”

“ಬರೋ ಮುಂದ?”

“ಬರೋ ಮುಂದನೂ ಅವಂದೇ. ಯಾಕ್ರಿ?”

“ಸುಮ್ನ ಕೇಳ್ದೆ.”

ಅರ್ಧ ರೊಟ್ಟಿ ಬಿಟ್ಟು, ತಾಟಿನಲ್ಲೇ ಕೈ ತೊಳೆದು ಹೊರಗೆ ಹೋದ. ಸುಜಾತಾಳ ಬಾಯಲ್ಲಿ ಸಕ್ಕರೆ ಇನ್ನೂ ಪೂರ್ತಿ ಕರಗಿರಲಿಲ್ಲ.

ಮೂರು ವರ್ಷ ಕೂಸಿಗಾಗಿ ಕಾದ ಮನೆ ಅದು. ಅಂಥ ಮನೆಯ ಗಂಡಸು ಇಂಥ ಸುದ್ದಿ ಕೇಳಿದರೆ ಹೆಂಡತಿಗೆ ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳಬೇಕು, ಇಲ್ಲವೇ ನಾಚಿಕೊಂಡು ಕಟ್ಟೆಗೆ ಹೋಗಿ ಬೀಡಿ ಸೇದಬೇಕು. ಇವನು ಆಟೊದ ಪಂಚಾಯಿತಿ ತೆಗೆದಿದ್ದ.

ಸುಜಾತಾ ನಿರ್ಣಾ ಊರಿನವಳು. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮ ತಂಗಿಯರನ್ನು ದಡ ಮುಟ್ಟಿಸುವ ಹೊತ್ತಿಗೆ ತನ್ನ ಮದುವೆಯ ವಯಸ್ಸು ಬಸ್ಸಿನಂತೆ ಮುಂದೆ ಹೋಗಿತ್ತು. ನಲವತ್ತಕ್ಕೆ ರಾಜೇಶ್ವರದ ನರಸಿಂಗನ ಸಂಬಂಧ ಬಂತು. ಅವನ ಮೊದಲ ಹೆಂಡತಿ ಆಮ್ರಪಾಲಿ ಜ್ವರದಲ್ಲಿ ಹೋಗಿದ್ದಳು. ಒಬ್ಬನೇ ಮಗ ಸಮ್ಯಕ ಹುಮನಾಬಾದಿನಲ್ಲಿ ತಾಯಿಯ ತಾಯಿ ಗಂಗುಬಾಯಿಯ ಹತ್ತಿರ ಇದ್ದುಕೊಂಡು ಐಟಿಐ ಓದುತ್ತಿದ್ದ. ನರಸಿಂಗ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಮೂರೆಕರೆ ಹೊಲದಲ್ಲಿ ತೊಗರಿ ಬೆಳೆಯುತ್ತಿದ್ದ. ಮದುವೆಗೆ ಮುಂಚೆ ಸುಜಾತಾ ಒಂದೇ ಮಾತು ಕೇಳಿದ್ದಳು: “ನನಗ ಒಂದು ಕೂಸು ಬೇಕ್ರಿ. ನಿಮಗ ಒಪ್ಪಿಗಿ ಅದ?” ಅವನು ತಲೆ ಆಡಿಸಿದ್ದ. ಆ ತಲೆ ಹೌದು ಎಂದಿತೋ ಇಲ್ಲ ಎಂದಿತೋ ಅವತ್ತು ಯಾರೂ ಹತ್ತಿರದಿಂದ ನೋಡಲಿಲ್ಲ.

ನಿರ್ಣಾದಲ್ಲಿ ಆಶಾ ಕಾರ್ಯಕರ್ತೆಯಾಗಿದ್ದವಳಿಗೆ ರಾಜೇಶ್ವರದಲ್ಲಿ ಖಾಲಿ ಬಿದ್ದಿದ್ದ ಅದೇ ಕೆಲಸ ಸಿಕ್ಕಿತು. ಹೀಗಾಗಿ ಯಾವ ದಿನಗಳಲ್ಲಿ ಕೂಸು ನಿಲ್ಲುತ್ತದೆ, ಯಾವ ದಿನಗಳಲ್ಲಿ ಇಲ್ಲ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳೇ ಊರಿಗೆಲ್ಲ ಕಲಿಸುತ್ತಿದ್ದಳು. ಬಸವಕಲ್ಯಾಣದ ಡಾಕ್ಟರಮ್ಮ ಪರೀಕ್ಷೆ ಮಾಡಿ, “ನಿಮ್ಮಲ್ಲಿ ತೊಂದರೆ ಕಾಣೋದಿಲ್ಲ. ವಯಸ್ಸಾಗಿದೆ, ಆದ್ರೂ ತಾನಾಗೇ ಆಗಬಹುದು. ತಡ ಮಾಡಬೇಡಿ. ಯಜಮಾನರನ್ನೂ ಒಂದ್ಸಲ ಕರ್ಕೊಂಡು ಬನ್ನಿ” ಎಂದಿದ್ದಳು. ನರಸಿಂಗ ಹೋಗಲಿಲ್ಲ.

“ನನಗ ಮಗ ಹುಟ್ಯಾನಲ್ಲ. ಹಣ್ಣು ಕೊಟ್ಟ ಗಿಡಕ್ಕ ಯಾತರ ಪರೀಕ್ಷಾ?” ಎಂದಿದ್ದ.

ಆ ಮಾತಿಗೆ ಅತ್ತೆಯೂ ಒಪ್ಪಿದಳು, ಓಣಿಯೂ ಒಪ್ಪಿತು. ಉಳಿದದ್ದು ಸುಜಾತಾಳ ವಯಸ್ಸು. ತಪ್ಪೆಲ್ಲ ಅದರ ತಲೆಗೆ ಹೋಯಿತು. ದಿನಾ ಬೆಳಿಗ್ಗೆ ದ್ರೌಪತಿ ಒಂದು ಲೋಟ ಕಹಿ ಕಷಾಯ ಕಾಯಿಸಿ ಎದುರಿಗೆ ಇಟ್ಟು, ಮುಗಿಯುವವರೆಗೂ ಅಲ್ಲೇ ಕೂರುತ್ತಿದ್ದಳು. “ಹಳೀ ಹೊಲ, ಗೊಬ್ಬರ ಜಾಸ್ತಿ ಬೇಕಾಗ್ತದ” ಎನ್ನುತ್ತಿದ್ದಳು. ನರಸಿಂಗ ಅದನ್ನು ಕೇಳಿಸಿಕೊಂಡೂ ಕೇಳದವನಂತೆ ಚಪ್ಪಲಿ ಹುಡುಕುತ್ತಿದ್ದ.

ಸಕ್ಕರೆ ತಿಂದ ದಿನವೇ ಸುಜಾತಾ ತನ್ನ ಚೀಲದಲ್ಲಿದ್ದ ಕಿಟ್ಟಿನಲ್ಲಿ ತಾನೇ ಪರೀಕ್ಷೆ ಮಾಡಿಕೊಂಡಳು. ಎರಡು ಗೆರೆ ಬರಬೇಕಾದಲ್ಲಿ ಒಂದೇ ಬಂತು. ಬಚ್ಚಲಿನಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಹೊರಗೆ ಬಂದವಳು ಯಾರಿಗೂ ಹೇಳಲಿಲ್ಲ. ಗಂಡನ ಮುಖ ಇನ್ನೊಂದಿಷ್ಟು ದಿನ ನೋಡಬೇಕಾಗಿತ್ತು.

ನೋಡಿದಳು. ನರಸಿಂಗ ಅಂಗಳದಲ್ಲಿ ಮಲಗತೊಡಗಿದ. ಅವಳ ಫೋನು ಬಡಿದರೆ ಯಾರೆಂದು ಕೇಳುತ್ತಿದ್ದ. ಒಂದು ದಿನ ಅಂಗಡಿಯ ಮುಂದೆ ನಿಂತಿದ್ದ ಸರ್ಫರಾಜನ ಆಟೊದ ಒಳಗೆ ಬಗ್ಗಿ ಸೀಟು ನೋಡಿ ಬಂದ. ಆ ಹುಡುಗ ಬಂದು, “ಸುಜಾತಕ್ಕಾ, ಅಣ್ಣಾಗ ಆಟೊ ತೊಗೊಳ್ಳೋ ಇರಾದಾ ಅದ ಏನು?” ಎಂದು ಕೇಳಿದ. ಸುಜಾತಾಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ವಾರ ಕಳೆದ ಮೇಲೆ ಮುಟ್ಟಾಯಿತು. ದ್ರೌಪತಿ ಗೋಡೆಗೆ ಒರಗಿ, “ನನ್ನ ಹಣೇಬರ” ಎಂದಳು. ನರಸಿಂಗ, “ಹೋಗ್ಲಿ ಬಿಡು, ಮನಸಿಗಿ ಹಚ್ಗೋಬ್ಯಾಡ” ಎಂದ. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಸಂಜೆ ಪೇಟೆಯಿಂದ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಹೆಂಡತಿಯ ಕೈಗೆ ಕೊಟ್ಟ. ಅಂಗಳದ ಹಾಸಿಗೆ ಮತ್ತೆ ಒಳಗೆ ಬಂತು.

ಅವನಿಗೆ ಖುಷಿಯಾಗಿತ್ತು. ಇದು ಸುಜಾತಾಳ ಎದೆಗೆ ಚುಚ್ಚಿತು. ಕೂಸು ಇಲ್ಲ ಎಂಬುದಕ್ಕೆ ಭಜಿ ತಂದವನು ಕೂಸು ಬೇಕೆನ್ನುವವನು ಹೇಗಾದಾನು?

ಅಲ್ಲಿಂದ ಅವಳ ಅನುಮಾನಕ್ಕೆ ಕಾಲು ಬಂತು. ಕಷಾಯದ ಪುಡಿ ಎಲ್ಲಿಂದ ಬರುತ್ತದೆ? ಮಗನನ್ನು ನೋಡಲು ಹುಮನಾಬಾದಿಗೆ ಹೋದಾಗೆಲ್ಲ ನರಸಿಂಗನೇ ತರುತ್ತಾನೆ. ಹೊಲ ಇರುವುದು ಮೂರೆಕರೆ. ಇನ್ನೊಂದು ಮಗು ಹುಟ್ಟಿದರೆ ಸಮ್ಯಕನ ಪಾಲು ಅರ್ಧವಾಗುತ್ತದೆ. ಹಾಗಾದರೆ ಆ ಪುಡಿಯಲ್ಲಿ ಕೂಸು ನಿಲ್ಲದ ಹಾಗೆ ಮಾಡುವುದೇನಾದರೂ ಇದೆಯೇ? ಒಂದು ಸಲ ಹೀಗೆ ಹೊಳೆದ ಮೇಲೆ ಲೋಟ ಮುಟ್ಟಲೂ ಮನಸ್ಸಾಗಲಿಲ್ಲ. ಅತ್ತೆ ಒಲೆಯ ಕಡೆ ತಿರುಗಿದಾಗ ಕಣ್ಣು ತಪ್ಪಿಸಿ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯತೊಡಗಿದಳು. ಗಿಡ ಚೆನ್ನಾಗಿ ಚಿಗುರಿತು.

ಕೊನೆಗೆ ಒಂದು ಮುಷ್ಟಿ ಪುಡಿ ಕಾಗದದಲ್ಲಿ ಕಟ್ಟಿಕೊಂಡು, ಟ್ರೇನಿಂಗ್ ಇದೆ ಎಂದು ಸುಳ್ಳು ಹೇಳಿ ಹುಮನಾಬಾದಿನ ಬಸ್ಸು ಹತ್ತಿದಳು. ಪುಡಿ ಕೊಡುವ ಅಬ್ದುಲ್ ರಜಾಕ್‌ನ ಗಿಡಮೂಲಿಕೆ ಅಂಗಡಿ ಪೇಟೆಯಲ್ಲೇ ಇತ್ತು. ಮುದುಕ ಪುಡಿಯನ್ನು ಅಂಗೈಗೆ ಹಾಕಿ ಮೂಸಿದ, ನಾಲಿಗೆಗೆ ಹಚ್ಚಿಕೊಂಡ.

“ಇದು ನಮ್ಮದೇ ಮಾಲು ಬೇಟಾ. ಶತಾವರಿ ಅದ, ಅಶ್ವಗಂಧ ಅದ. ಹೆಣ್ಮಕ್ಕಳಿಗಿ ಭಾಳ ಛಲೋ. ಯಾಕ, ಏನಾತು?”

“ಇದ್ರಾಗ ಬ್ಯಾರೆ ಏನಾರ ಕಲಸ್ಯಾರೇನ್ರಿ?”

“ತೋಬಾ ತೋಬಾ! ಒಯ್ಯೋ ಮನಷ್ಯಾ ಸಸ್ತಾ ಮಾಲು ಬ್ಯಾಡಂತಾನ. ಮನ್ಯಾಗ ಕುಡಿಯೋರಿಗಿ ತ್ರಾಸ ಆಗಬಾರ್ದು ಅಂತ ಕೇಳಿ ಕೇಳಿ ಒಯ್ತಾನ.”

ತಪ್ಪು ಹುಡುಕಲು ಹೋದವಳಿಗೆ ಗಂಡನ ಒಳ್ಳೆಯತನ ಸಿಕ್ಕಿತು. ಅನುಮಾನ ಅಲ್ಲಿಗೆ ಇಳಿಯಬೇಕಿತ್ತು. ಆದರೆ ಆಟೊ? ಭಜಿ? ಅವು ಎಲ್ಲೂ ಹೋಗಿರಲಿಲ್ಲ. ಬಂದದ್ದು ಬಂದಾಗಿದೆ, ಸಮ್ಯಕನನ್ನಾದರೂ ನೋಡಿ ಹೋಗೋಣ ಎಂದು ತನಗೆ ತಾನೇ ಇನ್ನೊಂದು ಸುಳ್ಳು ಹೇಳಿಕೊಂಡು ಗಂಗುಬಾಯಿಯ ಮನೆಯ ಕಡೆ ನಡೆದಳು.

ಗಂಗುಬಾಯಿ ಅವಳನ್ನು ಕಂಡು ಅರಳಿದಳು. ಸತ್ತ ಮಗಳ ಜಾಗಕ್ಕೆ ಬಂದವಳೂ ಮಗಳೇ ಎಂಬ ಲೆಕ್ಕ ಅವಳದು. ಸಮ್ಯಕ ಕಾಲೇಜಿಗೆ ಹೋಗಿದ್ದ. ಚಹಾ ಬಂತು, ಖಾರದ ಚೂಡಾ ಬಂತು. ಸುಜಾತಾ ಸುತ್ತಿ ಬಳಸಿ ಮಾತು ತಂದಳು. ಆಮ್ರಪಾಲಿಗೆ ಸಮ್ಯಕನ ನಂತರ ಮಕ್ಕಳು ಯಾಕೆ ಆಗಲಿಲ್ಲ ಎಂಬುದು ಅವಳಿಗೆ ಬೇಕಾಗಿತ್ತು. ನರಸಿಂಗ ಒಂದೇ ಮಗ ಸಾಕೆಂದು ಅವಳಿಗೆ ಮಕ್ಕಳಾಗದ ಆಪರೇಷನ್ ಮಾಡಿಸಿರಬಹುದೇ?

“ಆಯಿ, ಅಕ್ಕಾಗ ಆಪರೇಷನ್ ಯಾವ ಊರಾಗ ಆಗಿತ್ತು?”

“ಆಕಿಗೆಲ್ಲಿ ಆಪರೇಷನ್ ತಂಗಿ?” ಗಂಗುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಸಮ್ಯಕನ ಮ್ಯಾಲ ಎರಡು ಹೊಟ್ಟಿ ಇಳದು ಹೋದ್ವು. ಮೈಯಾಗ ರಕ್ತಾನೇ ಇರಲಿಲ್ಲ. ಇನ್ನೊಂದು ನಿಂತ್ರ ಜೀವಾ ಹೋಗ್ತದ, ಆಪರೇಷನ್ ಮಾಡಿದ್ರೂ ಹೋಗ್ತದ ಅಂದ್ರು ಡಾಕ್ಟರು. ನಾ ಅಳಕೋತ ಕುಂತಿದ್ದೆ. ನಿನ್ನ ಗಂಡ ಏನ್ ಮಾಡ್ದ ಮಾಲೂಮದ? ಯಾರಿಗೂ ಹೇಳಲಿಲ್ಲ ಕೇಳಲಿಲ್ಲ, ತಾನೇ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದ. ‘ಅತ್ತಿ, ನಮ್ಮವ್ವಗ ಗೊತ್ತಾಗೋದು ಬ್ಯಾಡ’ ಅಂದ. ಅಂಥಾ ಗಂಡಸು ಈ ತಾಲೂಕಿನ್ಯಾಗ ಇನ್ನೊಬ್ಬ ಇದ್ರ ತೋರ್ಸು.”

ಸುಜಾತಾ ಚಹಾದ ಬಟ್ಟಲು ಕೆಳಗಿಟ್ಟಳು.

“ನಿನಗ ಹೇಳ್ಯಾನಲ್ಲ?” ಎಂದಳು ಗಂಗುಬಾಯಿ, ಮುಖ ನೋಡಿ.

“ಹೇಳ್ಯಾರ್ರಿ ಆಯಿ,” ಎಂದಳು ಸುಜಾತಾ. “ಎಲ್ಲಾ ಗೊತ್ತದ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನಲ್ಲಿ ಬಿತ್ತಂತೆ. ಇಷ್ಟು ವರ್ಷ ಮನೆ ಮನೆ ತಿರುಗಿ, ಒಲೆಯ ಮುಂದೆ, ಬಾವಿಯ ಹತ್ತಿರ, ಹೊಲದ ಬದುವಿನಲ್ಲಿ ಕಂಡ ಕಂಡ ಹೆಂಗಸಿಗೆ ಅವಳು ಕೇಳಿದ ಮೊದಲ ಮಾತು ಒಂದೇ: “ಆಪರೇಷನ್ ಆಗ್ಯಾದೇನ್ರಿ?” ಒಬ್ಬ ಗಂಡಸಿಗೂ ಅದನ್ನು ಕೇಳಿದ್ದಿಲ್ಲ. ತನ್ನ ಹಾಸಿಗೆಯಲ್ಲಿ ಮಲಗಿದವನಿಗೂ ಕೇಳಿರಲಿಲ್ಲ.

ಒಮ್ಮೆ ಸಮುದಾಯ ಭವನದಲ್ಲಿ ಚಿತ್ರಪಟ ಹಿಡಿದು ಗಂಡಸರ ಆಪರೇಷನ್ ಬಗ್ಗೆ ಹೇಳಿದ್ದು ನೆನಪಾಯಿತು. ಎಲ್ಲರೂ ಮುಸಿ ಮುಸಿ ನಕ್ಕಿದ್ದರು. “ಈ ಊರಾಗಿಂದ ಒಬ್ಬರರೆ ಬಂದ್ರ ನಾನೇ ಹಾರ ಹಾಕ್ತೀನಿ” ಎಂದಿದ್ದಳು. ಆಗ ಹಿಂದಿನ ಸಾಲಿನಿಂದ ನರಸಿಂಗ ಎದ್ದು, ಎತ್ತಿಗೆ ನೀರು ಕುಡಿಸಬೇಕು ಎನ್ನುತ್ತ ಹೋಗಿಬಿಟ್ಟಿದ್ದ. ಎತ್ತು ಮಾರಿ ವರ್ಷವಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅವಳಿಗೆ ಅವತ್ತು ಹೊಳೆದಿರಲಿಲ್ಲ.

ಸಿಟ್ಟು ಬಂತು. ಆದರೆ ಆ ಸಿಟ್ಟಿಗೂ ನೆಟ್ಟಗೆ ನಿಲ್ಲಲು ಜಾಗವಿರಲಿಲ್ಲ. ಬೇರೆಯವರ ಗಂಡ ಹೀಗೆ ಮಾಡಿದ್ದರೆ ಅವಳು ನಿಜಕ್ಕೂ ಹಾರ ಹಾಕುತ್ತಿದ್ದಳು. ಆಮ್ರಪಾಲಿಗೆ ಅವನು ದೇವರಂಥವನು. ಅದೇ ಮನುಷ್ಯ ಸುಜಾತಾಳ ಮೂರು ವರ್ಷವನ್ನು ಕರಿಬೇವಿನ ಬುಡಕ್ಕೆ ಸುರಿದಿದ್ದ. ಮದುವೆಗೆ ಮುಂಚೆಯೇ ಹೇಳಿದ್ದರೆ ಕತ್ತರಿಸಿದ ನಾಳದ ಮರುಜೋಡಣೆ ಮಾಡಿಸಿ ನೋಡಬಹುದಿತ್ತು. ಬೇಡವೆಂದು ತಿರುಗಿ ಹೋಗಲೂಬಹುದಿತ್ತು. ನಲವತ್ತರಲ್ಲಿ ಮೂರು ವರ್ಷವೆಂದರೆ ಇಪ್ಪತ್ತರ ಮೂರು ವರ್ಷವಲ್ಲ. ಅದನ್ನು ಆಶಾ ಕಾರ್ಯಕರ್ತೆಗೆ ಯಾರೂ ಹೇಳಬೇಕಿಲ್ಲ.

ಮರುದಿನ ಬೆಳಿಗ್ಗೆ ಮುದುಕಿ ಎಂದಿನಂತೆ ಲೋಟ ತಂದಿಟ್ಟಳು. “ಕುಡಿ. ಈ ಸರ್ತಿ ನಿಲ್ತದ ನೋಡು.” ನರಸಿಂಗ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದ. ಚಪ್ಪಲಿ ಅವನ ಕಾಲ ಮುಂದೆಯೇ ಇತ್ತು.

ಸುಜಾತಾ ಲೋಟ ಎತ್ತಿಕೊಂಡು ಹೋಗಿ ಅವನ ಎದುರಿಗೆ ಇಟ್ಟಳು.

“ಅಂವಗ್ಯಾಕ?” ಎಂದಳು ದ್ರೌಪತಿ.

ಸುಜಾತಾ ಮನೆ ಮನೆಗೆ ಹೋದಾಗ ಮಾತಾಡುವ ದನಿಯಲ್ಲೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಕೇಳಿದಳು: “ನಿಮ್ದು ಆಪರೇಷನ್ ಆಗ್ಯಾದೇನ್ರಿ?”

ನರಸಿಂಗ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಆಗ್ಯಾದ,” ಎಂದ.

“ಯಾವ ಆಪರೇಷನ್ನೋ? ಯಾವಾಗ?” ಮುದುಕಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎರಡೂ ಕೈ ನೆಲಕ್ಕೆ ಊರಿದಳು. “ಅಯ್ಯ ಖೋಡಿ! ಮೂರು ವರ್ಷ ಈಕಿ ಬಾಯಾಗ ಕಹಿ ಹಾಕಿಸ್ದೆಲ್ಲೋ ನನ್ನ ಕೈಲೆ!”

“ಮೊದಲ ಹೇಳಿದ್ರ ನೀ ಬರ್ತಿರಲಿಲ್ಲ,” ಎಂದ ನರಸಿಂಗ ಹೆಂಡತಿಗೆ. “ಆಮ್ಯಾಲ ಇವತ್ತು ಹೇಳಬೇಕು, ನಾಳಿ ಹೇಳಬೇಕು ಅಂತ… ಬಾಯೇ ಬರಲಿಲ್ಲ. ನೀನೂ ಕೇಳಲಿಲ್ಲ.”

“ಖರೆ. ನಾ ಕೇಳಲಿಲ್ಲ,” ಎಂದಳು ಸುಜಾತಾ. “ಆದ್ರ ನೀವು ಕೇಳಿದ್ರಿ. ನಿಂತದ ಅಂದ ಕೂಡ್ಲೇ ಕೇಳಿದ್ರಿ. ನಿಮ್ಮ ಸುದ್ದಿ ನಿಮಗ ಗೊತ್ತಿತ್ತು. ಅದನ್ನ ಹೇಳೋದು ಬಿಟ್ಟು, ನಾ ಯಾರ ಆಟೊದಾಗ ಹೋಗಿದ್ದೆ ಅಂತ ಕೇಳಿದ್ರಿ.”

ನರಸಿಂಗ ಲೋಟ ಎತ್ತಿ ಗಟಗಟನೆ ಕುಡಿದ. ಕಹಿಗೆ ಮುಖ ಕಿವುಚಿತು, ಆದರೂ ತಳದ ಚರಟದವರೆಗೆ ಬಿಡಲಿಲ್ಲ. ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ.

ಸುಜಾತಾ ಚೀಲ ಹೆಗಲಿಗೆ ಹಾಕಿಕೊಂಡಳು. ಓಣಿಯ ತುದಿಯಲ್ಲಿ ಆಟೊದ ಹಾರ್ನ್ ಕೇಳಿಸಿತು; ಇವತ್ತು ಒಬ್ಬ ಬಸುರಿಯನ್ನು ಬಸವಕಲ್ಯಾಣಕ್ಕೆ ಕರೆದೊಯ್ಯಬೇಕಾಗಿತ್ತು. ಅವಳು ಹೊಸ್ತಿಲು ದಾಟಿ, ಕಣ್ಣು ಒರೆಸಿಕೊಂಡು, ತಿರುಗಿ ನೋಡದೆ ನಡೆದಳು. ಯಾರ ಆಟೊ ಎಂದು ನರಸಿಂಗ ಕೇಳಲಿಲ್ಲ.