ಶಾಬುದ್ದೀನ ಕಾಕಾ ಐತವಾರ ಎಲ್ಲಿಗೆ ಹೋಗ್ತಾರ?

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಟೇಲರ್ ಶಶಿಕಾಂತನ ಹೊಲಿಗೆ ಅಂದರೆ ಹೆಂಗಸರಿಗೆ ಬಲು ನಂಬಿಕೆ. ಆ ನಂಬಿಕೆ ಸಂಜೆಯವರೆಗೆ ಮಾತ್ರ. ದೀಪ ಹಚ್ಚುವ ಹೊತ್ತಾದರೆ ಅವನ ಕಾಲು ತಾನಾಗಿಯೇ ದಾರೂ ಅಂಗಡಿಯತ್ತ ತಿರುಗುತ್ತಿತ್ತು. ಒಮ್ಮೆಯಂತೂ ಕುಡಿದ ಅಮಲಿನಲ್ಲೇ ಕತ್ತರಿ ಹಿಡಿದು, ಮದುಮಗಳೊಬ್ಬಳ ರೇಷ್ಮೆ ಕುಬಸದ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟ. ಮದುಮಗಳ ತಾಯಿ ಮಾಳವ್ವ ಅಂಗಡಿಯ ಮುಂದೆ ಕುಳಿತು ಅತ್ತಳು. ಶಶಿಕಾಂತನ ಹೆಂಡತಿ ಕಾವೇರಿ ಅಳಲಿಲ್ಲ. ತನ್ನ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಎಲ್ಲವ್ವನ ಆಣಿ, ಇನ್ನ ಮುಟ್ಟಂಗಿಲ್ಲ," ಎಂದ ಶಶಿಕಾಂತ.

"ಇನ್ಯಾವ ದೇವ್ರು ಉಳದಾರ್ರಿ? ಎಲ್ಲಾರ ಆಣಿನೂ ಮಾಡಿ ಮುಗಿಸೀರಿ. ಇನ್ನೊಮ್ಮೆ ಹಿಂಗಾತಂದ್ರ ನಾ ಸುಳ್ಳ ಊರಾಗಿನ ನಮ್ಮವ್ವನ ಮನಿಗೆ ಹೋಗ್ತೇನಿ, ನೋಡ್ರಿ."

ಅವತ್ತಿನಿಂದ ಶಶಿಕಾಂತನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯತೊಡಗಿತು: ಎದುರುಮನೆಯ ಶಾಬುದ್ದೀನ ಕಾಕಾ ಹೇಗೆ ಬಿಟ್ಟರು? ಗಾದಿ ಹೊಲಿಯುವ ಈ ಕಾಕಾ ಮೊದಲು ಅವನ ಜೊತೆ ಒಂದೇ ಬೆಂಚಿನ ಮೇಲೆ ಕುಳಿತು ಕುಡಿದವರು. ಈಗ ಹನಿಯನ್ನೂ ಮುಟ್ಟುವುದಿಲ್ಲ. ಇನ್ನೊಂದು ಸೋಜಿಗವಿತ್ತು. ಭಾನುವಾರ ಸಂಜೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರ್ಚಿನ ಕಂಪೌಂಡಿನೊಳಗೆ ಹೋಗುವುದನ್ನು ಓಣಿಯವರು ಕಂಡಿದ್ದರು.

"ಶುಕ್ರವಾರ ಮಸೀದಿ, ಐತವಾರ ಚರ್ಚು. ಏನ ಕೆಲಸ ಇರಬೇಕು ಕಾಕಾಂದು?" ಎಂದು ಕಟ್ಟೆಯ ಮೇಲೆ ಕುಳಿತವರು ಮಾತಾಡಿಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಶಶಿಕಾಂತ ಅವರ ಬೆನ್ನು ಹತ್ತಿದ. ಚರ್ಚಿನ ಗೇಟಿನ ಹತ್ತಿರ ಕಾಕಾ ತಿರುಗಿ ನೋಡದೆಯೇ ಅಂದರು: "ಎಷ್ಟೊತ್ತು ಹಿಂದ ಹಿಂದ ಬರ್ತಿಯೋ ಶಶಿ? ಜೋಡಿಲೇ ನಡಿ."

ಶಶಿಕಾಂತ ನಾಚಿದ. "ಎಲ್ಲಿಗ್ರಿ ಕಾಕಾ?"

"ಮೀಟಿಂಗಿಗೆ. ಕುಡಿಯೂದು ಬಿಡಬೇಕನ್ನಾವ್ರೆಲ್ಲಾ ಇಲ್ಲಿ ಕೂಡ್ತೇವಿ."

"ಫೀ ಏನರ ಐತೇನ್ರಿ?"

"ಇಲ್ಲ."

"ಅಲ್ರಿ, ಚರ್ಚಿನ್ಯಾಗ…"

"ಅವ್ರು ತಮ್ಮ ಸಾಲ್ಯಾಗಿನ ಒಂದು ಖೋಲಿ ಕೊಟ್ಟಾರ, ಅಷ್ಟ. ನನ್ನ ನಮಾಜು ನಂದು, ನಿನ್ನ ಪೂಜಿ ನಿಂದು."

"ಔಷಧಾ ಕುಡಿಸ್ತಾರೇನ್ರಿ?"

"ಚಾ ಕುಡಿಸ್ತಾರ," ಎಂದು ಕಾಕಾ ನಕ್ಕರು. "ಹೆಸರು ಹೇಳಬೇಕಂತಿಲ್ಲ. ಮಾತಾಡಬೇಕಂತನೂ ಇಲ್ಲ. ಒಳಗ ಕೇಳಿದ್ದು ಹೊರಗ ಹೋಗಂಗಿಲ್ಲ."

"ನಾ ಏನ್ ಅಂಥಾ ಕುಡಕ ಅಲ್ರಿ ಕಾಕಾ…"

"ನಾ ಹಂಗ ಅಂದೆನೇನ? ಬಿಡಬೇಕು ಅನಸ್ತೈತಿಲ್ಲೋ? ಒಳಗ ಬರಾಕ ಅಷ್ಟ ಸಾಕು."

ಒಳಗೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಉಪದೇಶ ಇರುತ್ತದೆ ಎಂದುಕೊಂಡಿದ್ದ ಶಶಿಕಾಂತ ಬಾಗಿಲ ಹತ್ತಿರವೇ ಕುಳಿತ. ಉಪದೇಶ ಯಾರೂ ಮಾಡಲಿಲ್ಲ. ನಿವೃತ್ತ ಮಾಸ್ತರ ಥಾಮಸ್ ತಮ್ಮ ಕಥೆ ಹೇಳಿದರು. ಪಾಠ ಮಾಡುವಾಗಲೂ ಚೀಲದಲ್ಲಿ ಬಾಟಲಿ ಇರುತ್ತಿತ್ತಂತೆ. ಬಾಯಿ ವಾಸನೆ ಬರದಿರಲೆಂದು ಲವಂಗ ಜಗಿಯುತ್ತಿದ್ದರಂತೆ. ಲವಂಗ ಅಂದ ಕೂಡಲೇ ಶಶಿಕಾಂತನ ಕೈ ತನ್ನ ಜೇಬಿನ ಮೇಲೆ ಹೋಯಿತು. ಅಲ್ಲಿಯೂ ಲವಂಗದ ಪುಡಿಕೆ ಇತ್ತು.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ: "ಸರ್, ಈಗೂ ನಿಮಗ ಕುಡೀಬೇಕು ಅನಸ್ತೈತೇನ್ರಿ?"

"ಅನಸ್ತದ. ನಿನ್ನಿ ಸಂಜಿಗೂ ಅನಸಿತ್ತು. ಶಾಬುದ್ದೀನಗ ಫೋನ್ ಮಾಡಿದೆ. ಇಬ್ಬರೂ ಮಾತಾಡ್ಕೋತ ಕುಂತ್ವಿ. ಹೊತ್ತು ಕಳೀತು."

ಶಶಿಕಾಂತನಿಗೆ ಅಚ್ಚರಿಯಾಯಿತು. ಬಿಟ್ಟವರಿಗೆ ಆಸೆಯೇ ಹುಟ್ಟುವುದಿಲ್ಲ, ತನ್ನ ಮನಸ್ಸೊಂದೇ ಹಾಳು ಎಂದು ಇಷ್ಟು ದಿನ ತಿಳಿದಿದ್ದ.

"ಹಂಗಾರ ನಾ ಇವತ್ತಿಂದನ ಬಿಡ್ತೇನ್ರಿ," ಎಂದ.

"ಗಡಿಬಿಡಿ ಬ್ಯಾಡಪಾ," ಎಂದರು ಥಾಮಸ್. "ದಿನಾ ಕುಡಿಯಾವ್ರು ಒಮ್ಮಿಗಲೇ ನಿಲ್ಲಿಸಿದ್ರ ನಡುಕ, ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ. ಮೊದಲ ಡಾಕ್ಟರ್ ಕಡೆ ಹೋಗು. ಗುಳಿಗಿ ಅವ್ರು ಕೊಡ್ತಾರ. ಜೋಡಿಗೆ ನಾವು ಇರ್ತೇವಿ."

ಮರುದಿನ ಕಾಕಾ ತಾವೇ ಅವನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದರು. ಕಾವೇರಿ ಮಾತ್ರ ನಂಬಲಿಲ್ಲ. "ನಾಕು ಮಂದಿ ಕುಂತು ಮಾತಾಡಿದ್ರ ಚಟಾ ಬಿಡ್ತೈತೇನ್ರಿ?" ಎಂದಳು. ಅವಳ ಅನುಮಾನ ಸುಳ್ಳಾಗಲಿಲ್ಲ. ಡಾಕ್ಟರು ಹೇಳಿದಂತೆ ಬಿಟ್ಟು ಕೆಲವು ವಾರ ಚೆನ್ನಾಗಿದ್ದ ಶಶಿಕಾಂತ, ನೆಂಟರ ಮದುವೆಯಲ್ಲಿ ಮತ್ತೆ ಕುಡಿದ. ನಾಚಿಕೆಯಿಂದ ಆ ಭಾನುವಾರ ಮನೆಯಲ್ಲೇ ಉಳಿದ.

ಕಾಕಾ ಬಂದು ಬಾಗಿಲಲ್ಲಿ ನಿಂತರು. "ಬಿದ್ದೇನಿ ಕಾಕಾ. ಯಾವ ಮುಖಾ ಹೊತ್ಕೊಂಡ ಬರ್ಲಿ?" ಎಂದ ಶಶಿಕಾಂತ.

"ನಾನೂ ಬಿದ್ದಿದ್ದೆ. ಬಿದ್ದ ದಿನಾನ ಮೀಟಿಂಗ್ ಬೇಕಾಗಿರೂದೋ ಹುಚ್ಚಾ. ಚಪ್ಪಲಿ ಹಾಕ್ಕೋ, ನಡಿ."

ಅವನು ಹೋದ. ಮೊದಲ ಸಲ ಬಾಯಿಬಿಟ್ಟು, "ನಾನು ಶಶಿಕಾಂತ. ಮೊನ್ನೆ ಕುಡದೆ," ಎಂದ. ಯಾರೂ ಬೈಯಲಿಲ್ಲ, ನಗಲಿಲ್ಲ. ಪಕ್ಕದವರು ಚಹಾದ ಕಪ್ಪನ್ನು ಅವನತ್ತ ಸರಿಸಿದರು.

ಮನೆಗೆ ಬಂದಾಗ, ತವರಿಗೆ ಹೊರಟಿದ್ದ ಕಾವೇರಿ ಚೀಲ ಬದಿಗಿಟ್ಟು ರೊಟ್ಟಿ ಬಡಿಯುತ್ತಿದ್ದಳು. "ಅಲ್ಲಿ ಏನ್ ಮಾತಾಡ್ತೀರಿ ನೀವು?" ಎಂದಳು. ಈ ಸಲ ಅವಳ ದನಿಯಲ್ಲಿ ಕುಹಕವಿರಲಿಲ್ಲ, ತಿಳಿಯುವ ಆಸೆಯಿತ್ತು.

"ಮಂದೀದು ಹೇಳಂಗಿಲ್ಲ. ನಂದು ಹೇಳ್ತೇನಿ," ಎಂದು ಅವನು ಒಲೆಯ ಹತ್ತಿರ ಕುಳಿತ. ಸಂಜೆಯಾದರೆ ಎದೆಯಲ್ಲಿ ಹುಟ್ಟುವ ಅಂಜಿಕೆ, ಮಗಳ ಮುಖ ನೋಡಲು ಆಗುವ ನಾಚಿಕೆ ಎಲ್ಲವನ್ನೂ ಹೇಳಿದ. ಇಷ್ಟು ವರ್ಷದಲ್ಲಿ ಅವನು ಆಣೆ ಮಾಡಿದ್ದನೇ ಹೊರತು ಹೀಗೆ ಮಾತಾಡಿರಲಿಲ್ಲ. ಕಾವೇರಿ ಕೇಳುತ್ತಾ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಮನಿ ಮಂದಿಗೂ ಬ್ಯಾರೆ ಮೀಟಿಂಗ್ ಐತಂತ. ಥಾಮಸ್ ಸರ್ ಹೆಂಡ್ತಿ ಡೋರಾ ಅಕ್ಕಾರು ನಡಸ್ತಾರಂತ," ಎಂದ ಶಶಿಕಾಂತ.

ಕಾವೇರಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಯಾವಾಗ ಐತಿ? ನಂದೂ ಹೇಳೂದು ಭಾಳ ಐತ್ರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಸಂಜೆಗಳಿವೆಯೇ? ಕುಡಿತದ ಚಟ ಒಂದು ಕಾಯಿಲೆ, ಅದಕ್ಕೆ ನೆರವು ಇದೆ. ಕುಡಿತ ಬಿಡುವವರ ಸಭೆ ಹತ್ತಿರದಲ್ಲಿ ಎಲ್ಲಿ ನಡೆಯುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಬೇಕಿಲ್ಲ. ಬಿಡುವ ಮೊದಲು ಡಾಕ್ಟರನ್ನು ಕಾಣಿ. ಒಬ್ಬರೇ ಹೋಗಲು ಸಂಕೋಚವಾದರೆ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಾತಾಡದಿದ್ದರೂ ಸರಿ, ಒಂದು ಸಲ ಹೋಗಿ ಕುಳಿತು ಕೇಳಿ ಬನ್ನಿ.