ಬನಹಟ್ಟಿಗೆ ಬರಬೇಕಾದ ಸೀರೆ

ಬ್ಯಾಗು ಸರಿಸದೆ ಬೋರವ್ವನ ಹೆಣ ಕೂರಿಸಲು ಗೋಡೆ ಸಿಗುವಂತಿರಲಿಲ್ಲ. ಮಗಳು ಮಂಗಲಾ ತನ್ನ ದೊಡ್ಡ ಬ್ಯಾಗನ್ನು ಎಳೆದು ಮಗ್ಗದ ಪಕ್ಕಕ್ಕೆ ತಳ್ಳಿದಳು. ಅದರ ಹಿಡಿಕೆಗೆ ಅವ್ವ ನಿನ್ನೆ ಸಂಜೆ ಕಟ್ಟಿದ ಕೆಂಪು ನೂಲು ಹಾಗೇ ಇತ್ತು. "ಅಷ್ಟ ಮಂದಿ ಬ್ಯಾಗಿನಾಗ ನಿಂದು ಗುರ್ತ ಸಿಗಬೇಕಲ್ಲ" ಅಂದಿದ್ದಳು.

ಇವತ್ತು ನಸುಕಿನಲ್ಲಿ ಚಹಾಕ್ಕೆ ನೀರಿಟ್ಟು ಕುಂತ ಬೋರವ್ವ ಒಲೆಯ ಮುಂದೆಯೇ ಒರಗಿ ಪ್ರಾಣ ಬಿಟ್ಟಿದ್ದಳು. ಮಧ್ಯಾಹ್ನಕ್ಕೆ ಮಂಗಲಾ ಹುಬ್ಬಳ್ಳಿಗೆ ಹೊರಡಬೇಕಿತ್ತು. ಅಲ್ಲಿಂದ ಮುಂಬೈ, ಮುಂಬೈಯಿಂದ ಕುವೈತ್. ನರ್ಸ್ ಕೆಲಸಕ್ಕೆಂದು ವರ್ಷಗಟ್ಟಲೆ ಕಾದು ಸಿಕ್ಕ ವೀಸಾ. ಏಜೆಂಟನಿಗೆ ಫೋನ್ ಮಾಡಿ ಅತ್ತಾಗ, "ನಾಳೆಗೆ ವೀಸಾ ಮುಗೀತೈತ್ರಿ. ಇವತ್ತ ಏರಲಿಲ್ಲಂದ್ರ ಆ ಜಾಗಾ ಹೋತು" ಎಂದಿದ್ದ.

"ಇನ್ನ ಎಷ್ಟೊತ್ತ ಕೂಡಸ್ತೀರಿ? ಎತ್ರಿ," ಎಂದಳು ಮಂಗಲಾ. "ಒಂದ ಹಿಡಿ ಮಣ್ಣ ಹಾಕಿ ಹೋಗ್ತೀನಿ."

"ತವರ ಸೀರಿ ಉಡಸಲಾರದ ಹೆಂಗ ಎತ್ತೂದವ್ವಾ?" ಎಂದಳು ನೆರೆಮನೆಯ ಸಿದ್ದಕ್ಕ. "ನಿಮ್ಮ ಸೋದರಮಾವ ಬಸಗೊಂಡಪ್ಪ ತನ್ನೂರ ಬಾಡಗಂಡಿ ಬಿಟ್ಟಾನಂತ. ಬರಲಿ."

"ಮಾವನ ಫೋನ್ ಬಂದ್ ಐತಿ. ಮನಿ ತುಂಬ ಸೀರಿ ಅದಾವಲ್ಲ ಕಾಕು, ಅದರಾಗ ಒಂದ ಉಡಸ್ರಿ!"

"ನೇಕಾರರ ಮನ್ಯಾಗ ಸೀರಿಗೆ ಬರಾ ಬಂತ ನೋಡ್ರಿ," ಎಂದ ಕಟ್ಟೆಯ ಮೇಲಿದ್ದ ಮುದುಕ ಗಿರಿಮಲ್ಲಪ್ಪ.

"ನಿನ್ನ ಬಾಯಾಗ ಲಾಳಿ ತುರಕಲಿ, ಸುಮ್ಮನ ಕುಂಡ್ರೋ," ಎಂದು ಸಿದ್ದಕ್ಕ ಗದರಿದಳು. ಆಮೇಲೆ ದನಿ ತಗ್ಗಿಸಿ, "ತವರ ಸೀರಿ ಇಲ್ಲದ ಕಳಿಸಿದ್ರ ಯಾರೂ ಇಲ್ಲದಾಕಿ ಹೋದಂಗ ಆಕ್ಕೈತಿ, ಮಂಗಲಾ."

ಮಂಗಲಾ ಮಾರಾಟಕ್ಕೆ ಕಟ್ಟಿಟ್ಟ ಸೀರೆಗಳ ಗಂಟಿನಿಂದ ಹೊಸದೊಂದನ್ನು ಎತ್ತಿಕೊಂಡೇ ಬಿಟ್ಟಿದ್ದಳು.

*

ಬೋರವ್ವನ ಬದುಕೆಲ್ಲ ಕಂಡಿಕೆಗೆ ನೂಲು ಸುತ್ತುವುದರಲ್ಲೇ ಕಳೆದಿತ್ತು. ಗಂಡ ಮಲಕಾಜಪ್ಪನ ಮಗ್ಗದ ಲಾಳಿಗೆ ನೂಲು ತುಂಬಿ ತುಂಬಿ ಹೆಬ್ಬೆರಳು ನುಣ್ಣಗಾಗಿತ್ತು. ಉಡುತ್ತಿದ್ದುದು ಎಳೆ ತಪ್ಪಿದೆಯೆಂದು ಸಾವುಕಾರ ವಾಪಸು ಕಳಿಸಿದ ಸೀರೆ. ಪಂಚಮಿಗೆ ಓಣಿಯ ಹೆಂಗಸರಿಗೆಲ್ಲ ತವರಿನಿಂದ ಸೀರೆ ಬರುತ್ತಿತ್ತು. ಬಸಗೊಂಡಪ್ಪನಿಗೆ ಮಾತ್ರ ಪ್ರತಿ ವರ್ಷ ಏನೋ ಒಂದು ಅಡಚಣೆ. ಬೋರವ್ವ ಅಂಥದೇ ಒಂದು ಸೀರೆಯನ್ನು, ತಪ್ಪಿದ ಎಳೆ ನಿರಿಗೆಯೊಳಗೆ ಅಡಗುವಂತೆ ಉಟ್ಟು, ನಳದ ಹತ್ತಿರ "ನಮ್ಮಣ್ಣ ಕಳಿಸ್ಯಾನ" ಎನ್ನುತ್ತಿದ್ದಳು.

"ಯಾಕ ಸುಳ್ಳ ಹೇಳ್ತೀ ಬೇ?" ಎಂದು ಮಂಗಲಾ ಒಮ್ಮೆ ಕೇಳಿದ್ದಳು.

"ಸುಳ್ಳಲ್ಲ. ತಡಾ ಆಗೇತಿ, ಅಷ್ಟ. ಬರ್ತೈತಿ."

*

ಮಂಗಲಾ ಆ ಹೊಸ ಸೀರೆಯನ್ನು ಮರಳಿ ಗಂಟಿನಲ್ಲಿಟ್ಟಳು.

ಬಾಡಿಗೆ ಕಾರಿನ ಅರುಣ ಬಾಗಿಲಲ್ಲಿ ಇಣುಕಿದ. "ಅಕ್ಕಾರ, ಇನ್ನ ನಿಂತ್ರ ವಿಮಾನ ಸಿಗಂಗಿಲ್ರಿ."

ಹೆಣದ ಮಗ್ಗುಲಲ್ಲಿ ಕೂತಿದ್ದ ಮಲಕಾಜಪ್ಪ ಮಗಳ ಕಡೆ ನೋಡಿದ. "ಹೋಗವ್ವಾ."

"ಅವ್ವನ್ನ ಹಿಂಗ ಕೂಡಿಸಿ ಹೆಂಗ ಹೋಗಲಿ ಅಪ್ಪಾ?"

"ನಿನ್ನೆ ಆ ಬ್ಯಾಗ ನೂಲ ತೂಗೂ ತಕ್ಕಡ್ಯಾಗ ತೂಗ್ಯಾಳ. ಭಾರ ಆತಂತ ನಿನ್ನ ಉಡೂ ಅರಬಿ ತಗದಾಳ, ರೊಟ್ಟಿ ತಗದಿಲ್ಲ. ಆಕಿ ನಿನ್ನ ಕಳಿಸಿ ಆಗೇತಿ. ನಾ ಹೆಂಗ ನಿನ್ನ ಹೊಳ್ಳಿ ನಿಂದರಸ್ಲಿ?"

ಅವ್ವನ ತಣ್ಣನೆ ಪಾದದ ಮೇಲೆ ಹಣೆ ಇಟ್ಟವಳನ್ನು ಸಿದ್ದಕ್ಕನೇ ಎಬ್ಬಿಸಿ ಕಾರಿನಲ್ಲಿ ಕೂರಿಸಿದಳು.

ಮಹಾಲಿಂಗಪುರ ದಾಟಿದ ಮೇಲೆ ಕಬ್ಬಿನ ಟ್ರೇಲರೊಂದು ರಸ್ತೆಗೆ ಅಡ್ಡ ಮಗುಚಿ, ಎರಡೂ ಕಡೆ ಗಾಡಿಗಳು ಸಾಲುಗಟ್ಟಿದ್ದವು. ಎದುರಿನ ಬಸ್ಸುಗಳ ಸಂದಿಯಲ್ಲಿ ಮುದುಕನೊಬ್ಬ ಧೋತರ ಎತ್ತಿ ಹಿಡಿದು, ಎದೆಗೆ ಚೀಲ ಅವಚಿಕೊಂಡು ದಾಪುಗಾಲು ಹಾಕುತ್ತ ಬರುತ್ತಿದ್ದ.

"ಮಾವಾ!"

ಬಸಗೊಂಡಪ್ಪ ನಿಂತ. ಮುಖ ಅರಳಿತು, ಮರುಗಳಿಗೆಯೇ ಮುದುಡಿತು. "ನನ್ನ ಕರ್ಕೊಂಡ ಹೋಗಾಕ ಬಂದೀ ಏನವ್ವಾ? ಛಲೋ ಮಾಡಿದಿ. ಬಸ್ ಅಲ್ಲೇ ಬಿಟ್ಟ ನಡಕೋತ ಬಂದೆ." ಬಾಗಿಲು ತೆಗೆದು ಅವಳ ಮಗ್ಗುಲಿಗೆ ಕೂತು, ಚೀಲದೊಳಗಿನ ಸೀರೆಯನ್ನು ಅವಳ ತೊಡೆಯ ಮೇಲಿಟ್ಟ. "ಇಳಕಲ್ಲದು. ಹಸರ ಅಂದ್ರ ಆಕಿಗಿ ಭಾಳ ಸೇರ್ತಿತ್ತ, ಹೌದಲ್ಲ?"

ಮಂಗಲಾ ಸೀರೆಯ ಸೆರಗನ್ನು ಬೆರಳಿನಿಂದ ಸವರಿದಳು.

"ಗಾಡಿ ಹೊಳ್ಳಸಪಾ ತಮ್ಮಾ. ನಮ್ಮ ತಂಗಿ ಹಾದಿ ನೋಡಾಕತ್ತಾಳ."

ಮುಂದೆ ಟ್ರೇಲರನ್ನು ಬದಿಗೆಳೆದರು. ಹುಬ್ಬಳ್ಳಿಗೆ ಹೋಗುವ ಮುಧೋಳದ ಹಾದಿ ತೆರವಾಯಿತು. ಹಿಂದಿನ ಗಾಡಿಗಳು ಒಂದೇ ಸವನೆ ಹಾರ್ನ್ ಬಾರಿಸತೊಡಗಿದವು. ಅರುಣ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. "ಅಕ್ಕಾರ... ಮುಂದ ಹೋಗ್ಲೋ, ಹೊಳ್ಳಸ್ಲೋ?"

ಹಸಿರು ಸೀರೆಗೆ ಹತ್ತಿದ್ದ ಕಬ್ಬಿನ ಒಣ ಗರಿಯ ಚೂರುಗಳನ್ನು ಮಂಗಲಾ ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು.